ಒಟ್ಟಿಗೆ ನುಡಿಸಿದವರ ಹಾಡು

‘ಗೀತಾ’ ಚಿತ್ರದ ಹಾಡುಗಳು ಎಲ್ಲಿ ಕೇಳಿಸಿದರೂ ನನ್ನ ಕಿವಿ ಎಸ್.ಪಿ.ಬಿ. ದನಿಯ ಕೆಳಗೆ ಓಡುವ ಬೇಸ್ ಗಿಟಾರನ್ನು ಹುಡುಕುತ್ತದೆ, ಚರಣಕ್ಕೆ ಮುನ್ನ ಗುಂಪಾಗಿ ಏಳುವ ಪಿಟೀಲುಗಳಿಗೆ ಕಾಯುತ್ತದೆ. 1981ರ ಆ ಸಂಗೀತ ಇಳಯರಾಜ ಅವರದು. ಅದರೊಳಗಿನ ಕೂಡುನುಡಿಕೆ ಈಗ ಅಪರೂಪವಾಗಿದೆ.

ಪಣ್ಣೈಪುರದ ಹುಡುಗ ಇಳಯರಾಜ, ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ಸುತ್ತಿ ಹಾರ್ಮೋನಿಯಂ ನುಡಿಸಿದ. ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತ. ಗಿಟಾರ್, ಕಾಂಬೊ ಆರ್ಗನ್ ನುಡಿಸುತ್ತ ಸ್ಟುಡಿಯೊಗಳಲ್ಲಿ ದುಡಿದ. ಅವರನ್ನು ಸಹಾಯಕರಾಗಿ ಸೇರಿಸಿಕೊಂಡವರು ನಮ್ಮ ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಹೀಗಾಗಿ 1976ರಲ್ಲಿ ಅವರೇ ಸಂಗೀತ ನೀಡಿದ ಮೊದಲ ಚಿತ್ರ ‘ಅನ್ನಕ್ಕಿಳಿ’ ಬರುವ ಮುನ್ನವೇ ಎಷ್ಟೋ ಕನ್ನಡ ಹಾಡುಗಳಲ್ಲಿ ಅವರ ಬೆರಳುಗಳು ಆಡಿದ್ದವು.

ವಾದ್ಯದ ಕಷ್ಟಸುಖ ಬಲ್ಲ ಆ ಕೈ ಮುಂದೆ ಬರೆಯತೊಡಗಿತು. ಬೆಳಿಗ್ಗೆ ಅವರು ಕೂತು ಸ್ವರಲಿಪಿ ಬರೆದರೆ ಪ್ರತಿ ವಾದ್ಯದ ಪಾಲು ಬೇರೆ ಬೇರೆ ಹಾಳೆಗೆ ಇಳಿಯುತ್ತಿತ್ತು. ಪಿಟೀಲು, ಚೆಲ್ಲೊ, ಕೊಳಲು, ತಬಲಾದವರು ತಾಲೀಮು ಮಾಡುತ್ತಿದ್ದರು. ಆಮೇಲೆ ಟೇಕ್. ಟ್ರ್ಯಾಕ್‌ಗಳು ಕಡಿಮೆ ಇದ್ದ ಟೇಪಿನ ಕಾಲದಲ್ಲಿ ಒಬ್ಬರು ಎಡವಿದರೆ ಎಲ್ಲರೂ ಮೊದಲಿಂದ ನುಡಿಸಬೇಕು. ಆದ್ದರಿಂದಲೇ ಒಬ್ಬರು ಮತ್ತೊಬ್ಬರನ್ನು ಕೇಳಿಸಿಕೊಳ್ಳುತ್ತಿದ್ದರು. ಲಯ ಮನುಷ್ಯರ ಉಸಿರಿಗೆ ಹೊಂದಿಕೊಂಡು ಬರುತ್ತಿತ್ತು.

1986 ನನಗೆ ಕವಲುದಾರಿಯಂತೆ ಕಾಣುತ್ತದೆ. ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದ ‘ಹೌ ಟು ನೇಮ್ ಇಟ್?’ ಆಲ್ಬಂ ಬಂದದ್ದು ಆ ವರ್ಷ, ವಿ.ಎಸ್. ನರಸಿಂಹನ್ ಅವರ ಪಿಟೀಲು ಅದರ ಜೀವ. ಅದೇ ವರ್ಷ ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಇಳಯರಾಜ ಕಂಪ್ಯೂಟರ್ ಸಂಗೀತವನ್ನೂ ತಂದರು. ಅವರಿಗೆ ಯಂತ್ರ ಇನ್ನೊಂದು ವಾದ್ಯವಾಗಿತ್ತು. ನಂತರದ ಉದ್ಯಮಕ್ಕೆ ಅದು ಇಡೀ ವಾದ್ಯವೃಂದದ ಬದಲಿಯಾಯಿತು. ಇಂದು ಒಬ್ಬೊಬ್ಬರೂ ಬೇರೆ ಬೇರೆ ದಿನ ಬಂದು ಹೆಡ್‌ಫೋನ್ ಹಾಕಿಕೊಂಡು ತಮ್ಮ ನಾಲ್ಕು ಸಾಲು ನುಡಿಸಿ ಹೋಗುತ್ತಾರೆ. ಬಹಳ ಸಲ ಅವರೂ ಬೇಕಿಲ್ಲ, ಕೀಬೋರ್ಡಿನ ಕೀಲಿಯೊಳಗೇ ಪಿಟೀಲು ಸಿಗುತ್ತದೆ.

ಕಡಿಮೆ ಖರ್ಚಿನಲ್ಲಿ ಹೊಸಬರು ಮನೆಯಲ್ಲೇ ಹಾಡು ಕಟ್ಟಬಹುದಾದದ್ದು ಒಳ್ಳೆಯದೇ. ಆದರೆ ದಿನಗೂಲಿಗೆ ವಾದ್ಯ ನುಡಿಸಿ, ಹಿರಿಯರ ಪಕ್ಕದಲ್ಲಿ ಕಿವಿ ಹದಗೊಳಿಸಿಕೊಂಡು, ಮುಂದೊಂದು ದಿನ ಸಂಯೋಜಕನಾಗುವ ಆ ಮೆಟ್ಟಿಲೇ ಕಳಚಿಬಿತ್ತು. ಇಳಯರಾಜ ಏರಿಬಂದದ್ದು ಅದರ ಮೇಲೆಯೇ. ಇನ್ನೊಬ್ಬ ಪ್ರತಿಭಾವಂತ ಹಳ್ಳಿಯಿಂದ ಬಂದರೆ ಎಲ್ಲಿ ಕೂರಿಸುತ್ತೇವೆ?

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಹೆಸರಿರುತ್ತಿತ್ತು, ಕವಿಯ ಹೆಸರಿರುತ್ತಿತ್ತು, ಪಿಟೀಲಿನವರದು ಇರುತ್ತಿರಲಿಲ್ಲ. ಅವರಲ್ಲಿ ಹಲವರು ಈಗಾಗಲೇ ಇಲ್ಲ. ಉಳಿದವರನ್ನು ಹುಡುಕಿ, ಯಾವ ಹಾಡಿನಲ್ಲಿ ಯಾರು ನುಡಿಸಿದರೆಂದು ಕೇಳಿ ಬರೆದಿಡಬೇಕು. ಆ ಹಾಡುಗಳನ್ನು ಪ್ರೀತಿಸುವ ನಮ್ಮ ಮೇಲೆ ಈ ಋಣವಿದೆ. ತೀರಿಸಲು ಉಳಿದಿರುವ ಕಾಲ ಸ್ವಲ್ಪವೇ.