ಶಾಜೀರಾ ಯಾವುದು, ಕಲೋಂಜಿ ಯಾವುದು?

ಕಳೆದ ರಂಜಾನ್‌ನಲ್ಲಿ ಒಂದು ದಿನ ಅಬ್ಬಾ ಐದಾರು ಸ್ನೇಹಿತರನ್ನು ಇಫ್ತಾರ್‌ಗೆ ಕರೆದಿದ್ದರು. ಅಂದೇ ಅಮ್ಮಿಗೆ ಜ್ವರ. ದಾದಿಗೆ ಎರಡೂ ಕಣ್ಣಿನಲ್ಲಿ ಪೊರೆ. ಒಮ್ಮೆ ಕೈ ಸುಟ್ಟುಕೊಂಡ ಮೇಲೆ ನಾವು ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಹಾಗಾಗಿ ಬಿರಿಯಾನಿಯ ಜವಾಬ್ದಾರಿ ನನ್ನ ಮೇಲೆ ಬಿತ್ತು.

"ಶಾಜೀರಾ ಮುಗಿದಿದೆ, ತಗೊಂಡು ಬಾ" ಎಂದರು ಅಮ್ಮಿ. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ಇದೆಯಲ್ಲ, ಅದರ ಹತ್ತಿರದ ಒಂದು ಅಂಗಡಿಗೆ ಹೋಗಿ, ನನ್ನದೇ ಜಾಣತನದಲ್ಲಿ "ಕರಿಜೀರಿಗೆ ಕೊಡಿ" ಎಂದೆ. ಅವರು ಕೊಟ್ಟ ಕಪ್ಪು ಕಾಳಿನ ಪೊಟ್ಟಣ ತಂದೆ. ಅಂಗಡಿಯವರ ತಪ್ಪಲ್ಲ. ಕೆಲವರು ಶಾಜೀರಾವನ್ನು ಕರಿಜೀರಿಗೆ ಎನ್ನುತ್ತಾರೆ, ಕೆಲವರು ಕಲೋಂಜಿಯನ್ನು.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ದಾದಿ ಕೈ ಚಾಚಿ, "ಪೊಟ್ಟಣ ಕೊಡು ಬೇಟಾ, ನೋಡ್ತೀನಿ" ಎಂದರು.

"ನಿಮಗೆ ಕಾಣಲ್ಲ ದಾದಿ, ಬಿಡಿ" ಎಂದುಬಿಟ್ಟೆ. ಅವರು ಕೈ ಹಿಂದಕ್ಕೆ ತಗೊಂಡರು.

ಚಕ್ಕೆ, ಲವಂಗ, ಏಲಕ್ಕಿಯ ಜೊತೆ ಒಂದು ಚಮಚ ಕಾಳನ್ನು ಬಿಸಿ ಎಣ್ಣೆಗೆ ಹಾಕಿದೆ. ರೋಜಾ ಇದ್ದುದರಿಂದ ಯಾರೂ ರುಚಿ ನೋಡಲಿಲ್ಲ. ಇಫ್ತಾರ್ ಆಗಿ ಬಿರಿಯಾನಿ ಬಡಿಸಿದಾಗಲೇ ಕಹಿ ಗೊತ್ತಾಯಿತು. ಅತಿಥಿಗಳು ಮರ್ಯಾದೆಗೆ ತಿಂದರು. ದಾದಿ ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿ, ಮೆಲ್ಲಗೆ "ಕಲೋಂಜಿ" ಎಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮರುದಿನ ಮಸಾಲೆ ಡಬ್ಬಿಗಳನ್ನೆಲ್ಲ ಅವರ ಮುಂದಿಟ್ಟು, "ಮಾಫ್ ಮಾಡಿ, ಕಲಿಸಿಕೊಡಿ" ಎಂದೆ. "ಮೊದಲು ಕಣ್ಣು ಮುಚ್ಚು" ಎಂದರು ದಾದಿ.

ಒಂದೊಂದೇ ಚಿಟಿಕೆ ನನ್ನ ಅಂಗೈಗೆ ಹಾಕಿ ಉಜ್ಜಿಸಿದರು. ಜೀರಿಗೆಯ ವಾಸನೆ ಗಾಢ, ಸಾರಿನ ಒಗ್ಗರಣೆ ನೆನಪಾಗುತ್ತದೆ. ಶಾಜೀರಾ ಅದಕ್ಕಿಂತ ತೆಳು, ಬಣ್ಣ ಕಪ್ಪುಗಂದು, ಪರಿಮಳ ನಯ. ಅದು ಬಿರಿಯಾನಿ, ಪುಲಾವ್‌ಗೆ. ಸೋಂಪು ದಪ್ಪ, ಹಸಿರು ಛಾಯೆ, ಸಿಹಿ. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವುದು. ಓಮ ಎಲ್ಲಕ್ಕಿಂತ ಚಿಕ್ಕದು. ಉಜ್ಜಿದರೆ ಮೂಗಿಗೆ ಹೊಡೆಯುತ್ತದೆ. ಪಕೋಡಕ್ಕೂ ಹೊಟ್ಟೆನೋವಿಗೂ ಬೇಕು. ಕಲೋಂಜಿಗೆ ಮಾತ್ರ ಜೀರಿಗೆಯಂತೆ ಉದ್ದುದ್ದ ಗೆರೆಗಳಿಲ್ಲ. ಮೂಲೆಗಳು ಬೆರಳಿಗೆ ತಾಗುತ್ತವೆ. ಅದು ನಾನ್ ಮೇಲೆ, ಉಪ್ಪಿನಕಾಯಿಯಲ್ಲಿ.

ಆಮೇಲೆ ಪುಸ್ತಕದಲ್ಲಿ ಹುಡುಕಿದೆ. ಜೀರಿಗೆ, ಶಾಜೀರಾ, ಸೋಂಪು, ಓಮ ಎಲ್ಲವೂ ಕೊತ್ತಂಬರಿಯ ಏಪಿಯೇಸಿ ಕುಟುಂಬದವು. ನಾವು ಬೀಜ ಎನ್ನುವುದು ನಿಜವಾಗಿ ಅವುಗಳ ಒಣಗಿದ ಹಣ್ಣು. ಕಲೋಂಜಿ ಬೇರೆಯೇ ಕುಟುಂಬದ್ದು, ರನನ್‌ಕ್ಯುಲೇಸಿ. ಅದು ನಿಜಕ್ಕೂ ಬೀಜ. ಕೆಲವರು ಅದನ್ನು ಈರುಳ್ಳಿ ಬೀಜ ಎಂದರೂ ಈರುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಓಮದ ಘಾಟಿಗೆ ಥೈಮಾಲ್ ಕಾರಣ, ಸೋಂಪಿನ ಸಿಹಿಗೆ ಅನೆಥೋಲ್. ಇದನ್ನೆಲ್ಲ ಓದಿ ಹೇಳಿದಾಗ ದಾದಿ, "ಹೆಸರು ನೀನು ಇಟ್ಟುಕೋ, ವಾಸನೆ ನನಗಿರಲಿ" ಎಂದು ನಕ್ಕರು.

ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದೇನೆ. ಅದು ನನಗಾಗಿ, ದಾದಿಗೆ ಬೇಕಿಲ್ಲ. ಅವರ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿದೆ. ಅಲ್ಲಾಹ್ ಒಳ್ಳೆಯದು ಮಾಡಲಿ. ದೃಷ್ಟಿ ಮರಳಿದ ಮೇಲೂ ನಮ್ಮ ಮನೆಗೆ ಬರುವ ಮಸಾಲೆಯ ಪೊಟ್ಟಣ ಮೊದಲು ಅವರ ಕೈಗೇ ಹೋಗುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹೀಗೆ ಕೈ ಚಾಚುವ ಹಿರಿಯರಿದ್ದರೆ, ಪೊಟ್ಟಣ ಕೊಟ್ಟು ನೋಡಿ.