ಅಕ್ಕನ ವೀಕೆಂಡು, ನಮ್ಮ ಭಾನುವಾರ

1/8

ಸ್ವೈಪ್ ಮಾಡೋಕ್ ಮುಂಚೆ ಒಂದು ತಪ್ಪೊಪ್ಪಿಗೆ.

ಮೊದಲನೇ ಫೋಟೋ ನೋಡಿ. ತೆಳು ಗುಲಾಬಿ ಹೂವು, ಕೆಳಗೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸ್ಕೊಂಡು ಊಟ ಮಾಡ್ತಿರೋ ಜನ. ಅದು ಟೋಕಿಯೋದ ಉಎನೊ ಪಾರ್ಕು. ಫಸ್ಟ್ ಇಯರ್‌ನಲ್ಲಿ ನಾನು ಇದನ್ನ ಏನೂ ಬರೀದೇ ಸ್ಟೋರಿಗೆ ಹಾಕಿದ್ದೆ. ನಿಮ್ಮಲ್ಲಿ ಎಷ್ಟೋ ಜನ "ಮಗಾ, ಯಾವಾಗ ಹೋದೆ?" ಅಂತ ಕೇಳಿದ್ರಿ. ನಾನು ಬರೀ ಒಂದು ನಗು ಇಮೋಜಿ ಹಾಕಿ ಸುಮ್ಮನಾದೆ.

ನಾನು ಹೋಗಿರಲಿಲ್ಲ. ಪಾಸ್‌ಪೋರ್ಟೇ ಇಲ್ಲ ನನ್ ಹತ್ರ. ಫೋಟೋ ಅಕ್ಕನದು. ಎರಡನೇ ಫೋಟೋ ಮಾತ್ರ ನಂದು, ಇಂದಿರಾನಗರದ್ದು. ಈ ಎರಡರ ಮಧ್ಯೆ ನಡೆದಿದ್ದನ್ನ ಇವತ್ತು ಹೇಳ್ತೀನಿ. ಉದ್ದ ಇದೆ, ಟೀ ಇಟ್ಕೊಂಡು ಓದಿ.

2/8

ಅಕ್ಕ ಟೋಕಿಯೋಗೆ ಕೆಲಸಕ್ಕೆ ಹೋಗಿದ್ದು 2023ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ದಿನಾ ಕೆ.ಆರ್.ಪುರದಿಂದ ಎಂ.ಜಿ. ರೋಡಿಗೆ ಹೋಗ್ತಿದ್ಲು. ಆಗಿನ ಕಷ್ಟ ನಮ್ಮ ಕಡೆಯವರಿಗೆ ಗೊತ್ತಿರುತ್ತೆ. ಆ ಕಡೆ ವೈಟ್‌ಫೀಲ್ಡಿಂದ ಕೆ.ಆರ್.ಪುರದವರೆಗೂ ಮೆಟ್ರೋ ಇತ್ತು, ಈ ಕಡೆ ಬೈಯಪ್ಪನಹಳ್ಳಿಯಿಂದ ಮುಂದಕ್ಕೂ ಇತ್ತು. ಮಧ್ಯದ ಎರಡು ಕಿಲೋಮೀಟರ್ ಚಿಲ್ಲರೆ ಮಾತ್ರ ಇರಲಿಲ್ಲ. ಅಷ್ಟಕ್ಕೆ ಬಸ್ ಹತ್ತಿ ಟಿನ್ ಫ್ಯಾಕ್ಟರಿ ಜಾಮಲ್ಲಿ ನಿಂತ್ಕೋಬೇಕು. ಆ ಕೊಂಡಿ ಶುರುವಾಗಿದ್ದು ಅಕ್ಟೋಬರ್ 9ಕ್ಕೆ. ಅವಳು ಆ ವಾರವೇ ಹೊರಟಳು. "ನಾನ್ ಹೋಗೋದನ್ನೇ ಕಾಯ್ತಿದ್ರು ಅನ್ಸುತ್ತೆ ಇವ್ರು" ಅಂತ ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ ಬೈಕೊಂಡೇ ಹೋದಳು.

ಮನೇಲಿ ಉಳಿದಿದ್ದು ನಾನು, ಅಮ್ಮ ಮತ್ತೆ ಅಮ್ಮನ ಹೊಲಿಗೆ ಮಿಷನ್. ಅಪ್ಪ ಹೋದ ಮೇಲೆ ಅಮ್ಮ ಆ ಮಿಷನ್ ಬಿಟ್ಟು ಏಳ್ತಾನೇ ಇರಲಿಲ್ಲ. ವಾರಪೂರ್ತಿ ಬ್ಲೌಸು, ಫಾಲ್ಸು, ಜಿಗ್‌ಜಾಗು. ಭಾನುವಾರ ಅಂದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಗಿರಾಕಿಗಳಿಗೆ ಬಿಡುವಿರೋದೇ ಅವತ್ತು.

3/8

ಅಕ್ಕನ ಫೋಟೋಗಳು ಪ್ರತಿ ಶನಿವಾರ ಬರ್ತಿದ್ವು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವಳು ಬೆಳಿಗ್ಗೆ ಒಂಬತ್ತಕ್ಕೆ ಟ್ರೈನ್ ಹತ್ತಿದ್ರೆ ಇಲ್ಲಿ ಐದೂವರೆ. ನನ್ನ ಫೋನು ದಿಂಬಿನ ಕೆಳಗೆ ಗುಂಯ್ ಅನ್ನೋದು.

ಅಲ್ಲಿ ಋತು ಅಂದ್ರೆ ಟೈಮ್‌ಟೇಬಲ್ ಥರ ಕಣ್ರೋ. ಮಾರ್ಚ್ ಕೊನೆಗೆ ಸಕುರಾ. ಅದನ್ನ ಹವಾಮಾನ ಇಲಾಖೆಯೇ ಘೋಷಣೆ ಮಾಡುತ್ತೆ. ಟೋಕಿಯೋದಲ್ಲಿ ಯಾಸುಕುನಿ ದೇಗುಲದ ಆವರಣದಲ್ಲಿ ಒಂದು ಗುರುತಿನ ಮರ ಇದೆಯಂತೆ. ಅದರಲ್ಲಿ ಐದಾರು ಹೂವು ಬಿಟ್ಟಿದ್ದನ್ನ ಅಧಿಕಾರಿ ಬಂದು ಎಣಿಸಿದರೆ ಊರಿಗೇ ಹೂವು ಬಂತು ಅಂತ ಲೆಕ್ಕ. ಅಲ್ಲಿಂದ ಒಂದು ವಾರಕ್ಕೆ ಮರ ಪೂರ್ತಿ ತುಂಬುತ್ತೆ, ಆಮೇಲೆ ಒಂದು ಜೋರು ಮಳೆ ಬಂದ್ರೆ ಎಲ್ಲಾ ಉದುರಿ ಹೋಗುತ್ತೆ.

ಜೂನ್‌ನಲ್ಲಿ ಅವರ ಮಳೆಗಾಲ. ಆಗ ಕಾಮಾಕುರಾ ಅನ್ನೋ ಹಳೇ ಊರಿಗೆ ಹೋಗಿದ್ಲು, ಟೋಕಿಯೋದಿಂದ ಟ್ರೈನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ದೊಡ್ಡ ಕಂಚಿನ ಬುದ್ಧ ಮೇಲೆ ಚಾವಣಿನೇ ಇಲ್ಲದೆ ಬಯಲಲ್ಲೇ ಕೂತಿದ್ದಾನೆ, ಮಳೇಲೂ. ದೇವಸ್ಥಾನಗಳ ಸುತ್ತ ನೀಲಿ ಹೈಡ್ರೇಂಜಿಯಾ ಹೂವು. ಮಣ್ಣು ಹುಳಿ ಇದ್ರೆ ಆ ಹೂವು ನೀಲಿ, ಇಲ್ಲದಿದ್ರೆ ಗುಲಾಬಿ ಅಂತ ಅವಳೇ ಹೇಳಿದ್ದು. ಜುಲೈ ಕೊನೇ ಶನಿವಾರ ಸುಮಿದಾ ನದಿ ಹತ್ರ ಪಟಾಕಿ ಹಬ್ಬ.

ನಾನು ಎಲ್ಲಾನೂ ನೋಡಿ ಉರ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ. ಅವಳು ಅಲ್ಲಿ ಹೂವು ನೋಡ್ತಾಳೆ, ನಾನು ಇಲ್ಲಿ ಅಮ್ಮನ ಗಿರಾಕಿಗಳಿಗೆ ಬ್ಲೌಸ್ ಕವರ್ ಕೊಟ್ಟು ಬರ್ತೀನಿ ಅನ್ನೋ ಲೆಕ್ಕ ತಲೇಲಿ ಓಡ್ತಿತ್ತು. ಬಿಕಾಂ ಬುದ್ಧಿ, ಡೆಬಿಟ್ಟು ಕ್ರೆಡಿಟ್ಟು ಬಿಡಲ್ಲ.

4/8

2024ರ ನವೆಂಬರ್. ಅಕ್ಕ ನಿಕ್ಕೋಗೆ ಹೋಗಿದ್ಲು. ಬೆಟ್ಟದ ಊರು, ಎಲೆ ಕೆಂಪಾಗೋದನ್ನ ನೋಡೋಕೆ ಜನ ಸಾಲುಗಟ್ಟಿ ಹೋಗ್ತಾರೆ. ಮೇಲಿನ ಸರೋವರಕ್ಕೆ ಹೋಗಿ ಬರೋ ರಸ್ತೆಯಲ್ಲಿ ಒಟ್ಟು 48 ತಿರುವು. ಹಳೇ ಜಪಾನಿ ಅಕ್ಷರಮಾಲೆಯಲ್ಲಿ 48 ಅಕ್ಷರ ಇತ್ತಂತೆ, ಅದಕ್ಕೇ ರಸ್ತೆ ಹೆಸರು ಇರೋಹಾಝಕಾ. ನಮ್ಮಲ್ಲಾದ್ರೆ ಅ ಆ ಇ ಈ ಘಾಟಿ ಅಂದ ಹಾಗೆ.

ಅವತ್ತು ಫೋಟೋ ಬರಲಿಲ್ಲ, ವಿಡಿಯೋ ಕಾಲ್ ಬಂತು. ಅಮ್ಮ ಸ್ನಾನಕ್ಕೆ ಹೋಗಿದ್ರು. ಬಸ್ ಸ್ಟಾಪಲ್ಲಿ ಕೂತಿದ್ಲು, ಹಿಂದೆ ಬೆಟ್ಟ ಪೂರ್ತಿ ಕೆಂಪು. ನಾನು "ಮಜಾ ಮಾಡ್ತಿದೀಯ ಬಿಡಕ್ಕ, ಪ್ರತಿ ವಾರ ಟ್ರಿಪ್ಪು" ಅಂದೆ. ಸ್ವಲ್ಪ ಕೊಂಕಾಗೇ ಅಂದೆ.

ಅವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ ಹೇಳಿದಳು. "ಸೋಮವಾರದಿಂದ ಶುಕ್ರವಾರ ಒಬ್ರ ಹತ್ರನೂ ಕನ್ನಡ ಮಾತಾಡಲ್ಲ ಕಣೋ. ಶನಿವಾರ ರೂಮಲ್ಲೇ ಇದ್ರೆ ಮಧ್ಯಾಹ್ನದ ಹೊತ್ತಿಗೆ ಗೋಡೆ ಹತ್ರ ಮಾತಾಡ್ತೀನಿ. ಅದಕ್ಕೇ ಟ್ರೈನ್ ಹತ್ತೋದು. ಹೂವು, ಎಲೆ ಎಲ್ಲಾ ನೆಪ. ನಾಲ್ಕು ಜನದ ಮಧ್ಯೆ ಇರಬೇಕು ಅನ್ಸುತ್ತೆ, ಅಷ್ಟೇ."

ಆಮೇಲೆ ಇನ್ನೊಂದು ಕೇಳಿದಳು. "ನೀವಿಬ್ರೂ ಭಾನುವಾರ ಏನ್ ಮಾಡ್ತೀರಾ? ನಾನೇ ಯಾವಾಗ್ಲೂ ಕಳಿಸ್ತೀನಿ. ನೀನು ಒಂದು ಫೋಟೋನೂ ಕಳಿಸಲ್ಲ."

ಕಳಿಸೋಕೆ ಏನೂ ಇರಲಿಲ್ಲ ನನ್ ಹತ್ರ. ನಾವು ಎಲ್ಲಿಗೂ ಹೋಗಿರಲಿಲ್ಲ.

5/8

ಮುಂದಿನ ಭಾನುವಾರ ಅಮ್ಮನ್ನ ಎಬ್ಬಿಸಿದೆ. "ಹುಚ್ಚಾ, ಮೂರು ಬ್ಲೌಸ್ ಇದೆ ಸಂಜೆಗೆ" ಅಂದ್ರು. "ಹನ್ನೊಂದಕ್ಕೆ ವಾಪಸ್" ಅಂತ ಮಾತು ಕೊಟ್ಟು ಕರ್ಕೊಂಡ್ ಹೋದೆ. ಮೆಟ್ರೋದಲ್ಲಿ ಹಲಸೂರು. ಸೋಮೇಶ್ವರ ದೇವಸ್ಥಾನದಲ್ಲಿ ಕೈಮುಗಿದು, ಅಲ್ಲಿಂದ ನಡ್ಕೊಂಡು ಕೆರೆಗೆ.

ಅಮ್ಮ ಮದುವೆಯಾಗಿ ಮುಳಬಾಗಿಲಿನಿಂದ ಬೆಂಗಳೂರಿಗೆ ಬಂದು ಇಪ್ಪತ್ತೇಳು ವರ್ಷ. ಹಲಸೂರು ಕೆರೆಯನ್ನ ಬಸ್ ಕಿಟಕಿಯಿಂದ ಬಿಟ್ರೆ ನೋಡೇ ಇರಲಿಲ್ಲ. ಮಂಜು ಇನ್ನೂ ನೀರಿನ ಮೇಲಿತ್ತು. ಒಂದು ಬೆಂಚಲ್ಲಿ ಕೂತು "ನಿಮ್ಮಪ್ಪ ಒಂದ್ಸಲ ಕರ್ಕೊಂಡ್ ಬರ್ತೀನಿ ಅಂದಿದ್ರು" ಅಂದ್ರು. ಅಷ್ಟೇ. ನಾನೂ ಏನೂ ಕೇಳಲಿಲ್ಲ.

ದಡದಲ್ಲಿರೋ ಗುರುದ್ವಾರದಲ್ಲಿ ಲಂಗರ್ ಇತ್ತು. ಅಮ್ಮ ಸೆರಗು ತಲೆಗೆ ಹೊದ್ಕೊಂಡು ನೆಲದ ಮೇಲೆ ಸಾಲಲ್ಲಿ ಕೂತು ಊಟ ಮಾಡಿದ್ರು. "ದುಡ್ ಯಾರಿಗ್ ಕೊಡ್ಬೇಕೋ?" ಅಂತ ಮೂರು ಸಲ ಕೇಳಿದ್ರು. ಯಾರಿಗೂ ಇಲ್ಲ ಅಂದ್ರೆ ನಂಬಿಕೆ ಇಲ್ಲ.

ವಾಪಸ್ ಬರೋವಾಗ ರಸ್ತೆ ಪೂರ್ತಿ ಬಿಳಿ ಹೂವು ಬಿದ್ದಿತ್ತು. ಆಕಾಶಮಲ್ಲಿಗೆ. ನವೆಂಬರ್ ಡಿಸೆಂಬರ್‌ನಲ್ಲಿ ರಾತ್ರಿ ಅರಳಿ ಬೆಳಿಗ್ಗೆ ಉದುರುತ್ತೆ. ಉದ್ದ ಕೊಳವೆ ಥರ ಹೂವು, ಘಮ ಅಂತೂ ಕೇಳಲೇಬೇಡಿ. ಅಮ್ಮ ಸೆರಗಲ್ಲಿ ಒಂದು ಹಿಡಿ ತುಂಬ್ಕೊಂಡ್ರು. ಅದೇ ಮೂರನೇ ಫೋಟೋ. ಅಕ್ಕನಿಗೆ ಕಳಿಸಿದೆ. ಒಂದೇ ಒಂದು ಉತ್ತರ ಬಂತು: "ವಾಸನೆ ಬಂತು ಕಣೋ."

ಅವತ್ತು ಮನೆ ಸೇರಿದ್ದು ಎರಡು ಗಂಟೆಗೆ. ಬ್ಲೌಸ್ ತಗೊಳಕ್ ಬಂದ ಆಂಟಿ ಬೈದ್ರು. ಅಮ್ಮ ನಗ್ತಾನೇ ಬೈಸ್ಕೊಂಡ್ರು.

6/8

ಆಮೇಲೆ ನಿಯಮ ಆಯ್ತು. ಋತುವಿಗೆ ಒಂದಾದ್ರೂ ಭಾನುವಾರ. ಮೆಟ್ರೋ ಅಥವಾ ಬಿಎಂಟಿಸಿ ಹೋಗೋ ಜಾಗ ಮಾತ್ರ. ಬಸ್ಸಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್, ದುಡ್ಡು ನಂಗೆ ಮಾತ್ರ. ಖರ್ಚು ಕಮ್ಮಿ, ಆಡಿಟ್ ಸುಲಭ.

ಫೆಬ್ರವರಿಯಲ್ಲಿ ಇಂದಿರಾನಗರದ ಒಳಗಿನ ರಸ್ತೆಗಳು. ಅದೇ ಎರಡನೇ ಫೋಟೋ. ನೀವೆಲ್ಲ "ಬೆಂಗಳೂರಿನ ಸಕುರಾ" ಅಂತ ರೀಲ್ಸ್ ಹಾಕ್ತೀರಲ್ಲ, ಆ ಟಬೆಬುಯಾ. ನಿಜ ಹೇಳ್ಬೇಕಂದ್ರೆ ಅದಕ್ಕೂ ಸಕುರಾಗೂ ಯಾವ ಸಂಬಂಧನೂ ಇಲ್ಲ. ಇದರ ತವರು ಮಧ್ಯ ಮತ್ತೆ ದಕ್ಷಿಣ ಅಮೆರಿಕ. ನಮ್ಮ ಆಕಾಶಮಲ್ಲಿಗೆ, ಜಕರಂಡಾ ಎಲ್ಲಾ ಇದೇ ಕುಟುಂಬಕ್ಕೆ ಸೇರಿದ್ದು. ಲಾಲ್‌ಬಾಗ್ ನೋಡ್ಕೊಂಡಿದ್ದ ಜರ್ಮನಿಯ ಕ್ರುಂಬಿಗೆಲ್ ಅನ್ನೋರು ಒಂದು ಮರ ಹೂವು ಮುಗಿಸೋ ಹೊತ್ತಿಗೆ ಇನ್ನೊಂದು ಶುರು ಮಾಡ್ಬೇಕು ಅಂತ ಲೆಕ್ಕ ಹಾಕಿ ಮರ ಹಾಕಿಸಿದ್ರು. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರ ತುಂಬಾ ಲಕ್ಷಗಟ್ಟಲೆ ಸಸಿ ನೆಡಿಸಿದ್ರು. ನಾವು ಕೆಳಗೆ ನಿಂತು ಸೆಲ್ಫಿ ತಗೊಳೋ ಎಷ್ಟೋ ಮರಕ್ಕೆ ಯಾರೋ ಗುಂಡಿ ತೋಡಿ ನೀರು ಹಾಕಿದ್ದಾರೆ.

ಇದನ್ನೆಲ್ಲ ಹೇಳಿದಾಗ ಅಮ್ಮ ಅಂದ್ರು: "ಹಂಗಾದ್ರೆ ಇದೂ ಹೊರಗಿಂದ ಬಂದಿದ್ದೇ. ಬಂದು ಎಷ್ಟ್ ಚೆನ್ನಾಗಿ ಊರ್ಕೊಂಡಿದೆ ನೋಡು." ಯಾರನ್ನ ನೆನೆಸ್ಕೊಂಡು ಅಂದ್ರು ಅಂತ ಹೇಳ್ಬೇಕಾ?

7/8

ಮಾರ್ಚ್‌ನಲ್ಲಿ ರಂಜಾನ್ ಸಂಜೆ ಮಾಸ್ಕ್ ರೋಡು. ಚಂದ್ರನ ಲೆಕ್ಕದ ತಿಂಗಳು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ಅಂದ್ರೆ ಅದು ಒಂದು ಋತುವಿನ ಹಬ್ಬ ಅಲ್ಲ, ಎಲ್ಲಾ ಋತುಗಳಲ್ಲೂ ನಡ್ಕೊಂಡು ಹೋಗೋ ಹಬ್ಬ. ಅಮ್ಮ ಹಣ್ಣು ಮತ್ತೆ ಈರುಳ್ಳಿ ಸಮೋಸಕ್ಕೆ ನಿಲ್ಲಿಸಿದ್ರು. ನಾನು ನಿಲ್ಲಿಸಲಿಲ್ಲ. ವಿವರ ಬೇಡ.

ಸೆಪ್ಟೆಂಬರ್‌ನಲ್ಲಿ ಶಿವಾಜಿನಗರ. ಆಗಸ್ಟ್ 29ಕ್ಕೆ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಧ್ವಜ ಏರುತ್ತೆ, ಸೆಪ್ಟೆಂಬರ್ 8ಕ್ಕೆ ಹಬ್ಬ, ತೇರು. ಕಾವಿ ಬಟ್ಟೆ ಉಟ್ಟು ಹರಕೆ ಹೊತ್ತವರು ಎಲ್ಲೆಲ್ಲಿಂದಲೋ ಬರ್ತಾರೆ. ನಾವು 7ನೇ ತಾರೀಖು ಭಾನುವಾರ ಹೋದ್ವಿ, ಮಳೇಲಿ ನೆನ್ಕೊಂಡು. ಅಲ್ಲಿ ಮೇರಿ ಮಾತೆಗೆ ಸೀರೆ ಉಡಿಸ್ತಾರೆ. ಅಮ್ಮ ಕೈ ಮುಗಿಯೋದು ಬಿಟ್ಟು ಕತ್ತು ಚಾಚಿ ಸೀರೆ ಅಂಚು, ನೆರಿಗೆ ನೋಡ್ತಾ ನಿಂತ್ರು. "ಇಷ್ಟ್ ಎತ್ತರದ ಮೂರ್ತಿಗೆ ಎಷ್ಟ್ ನೀಟಾಗ್ ಪಿನ್ ಮಾಡವ್ರೆ ನೋಡೋ." ಟೈಲರ್ ಕಣ್ಣು.

ಫೋಟೋ ಹೋಯ್ತು ಟೋಕಿಯೋಗೆ. ಈಗ ಶನಿವಾರ ಅವಳದ್ದು, ಭಾನುವಾರ ನಮ್ಮದು. ಅವಳು ಅಲ್ಲಿ ನೀಲಿ ಹೂವಿನ ಮುಂದೆ ಒಬ್ಬಳೇ ಸೆಲ್ಫಿ ತಗೊಂಡ್ರೆ ಅಮ್ಮ ಜೂಮ್ ಮಾಡಿ "ಸಣ್ಣಗಾಗಿದಾಳೆ" ಅಂತಾರೆ. ನಾನು ಮೊದಲು ಹೂವು ನೋಡ್ತಿದ್ದೆ. ಈಗ ನಾನೂ ಅವಳ ಮುಖ ನೋಡ್ತೀನಿ.

8/8

ಈಗ ಅಸಲಿ ವಿಷಯ.

ನಾನೂ ಜಪಾನೀಸ್ ಕಲೀತಿದೀನಿ. ಡಿಸೆಂಬರ್‌ನಲ್ಲಿ ಎನ್5 ಪರೀಕ್ಷೆ ಬರೆದೆ. ಡಿಗ್ರಿ ಮುಗಿದ ಮೇಲೆ ಅಲ್ಲಿ ಬಂದು ಓದು, ದಾರಿ ಇದೆ ಅಂತ ಅಕ್ಕ ಹೇಳ್ತಾಳೆ. ಆಸೆ ಇದೆ, ತುಂಬಾ ಇದೆ. ಆದ್ರೆ ನಾನು ಹೋದ್ರೆ ಮನೇಲಿ ಅಮ್ಮ ಮತ್ತೆ ಮಿಷನ್ ಇಬ್ಬರೇ. ಕಾಸ್ಟಿಂಗ್ ಪೇಪರಲ್ಲಿ ಅವಕಾಶ ವೆಚ್ಚ ಅಂತ ಓದ್ತೀವಲ್ಲ, ಒಂದನ್ನ ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಪರೀಕ್ಷೇಲಿ ಅದಕ್ಕೆ ಸಂಖ್ಯೆ ಕೊಟ್ಟಿರ್ತಾರೆ. ಇಲ್ಲಿ ಯಾರೂ ಕೊಟ್ಟಿಲ್ಲ.

ಹೋದ ವಾರ ಧೈರ್ಯ ಮಾಡಿ ಅಮ್ಮನ ಹತ್ರ ಹೇಳಿದೆ. ಸೂಜಿಗೆ ದಾರ ಪೋಣಿಸ್ತಿದ್ರು. ತಲೆ ಎತ್ತದೇ ಅಂದ್ರು: "ಹೋಗೋದಾದ್ರೆ ಹೋಗು. ನಾನೇನ್ ಹಿಡ್ಕೊಳಲ್ಲ. ಆದ್ರೆ ಭಾನುವಾರ ರೂಮಲ್ಲಿ ಕೂರ್ಬೇಡ." ಸ್ವಲ್ಪ ಹೊತ್ತು ಬಿಟ್ಟು, "ನಾನೂ ಕೂರಲ್ಲ. ಹಲಸೂರಿಗೆ ದಾರಿ ಗೊತ್ತಲ್ಲ ಈಗ."

ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ. ಆ ಮಾತು ಕೇಳಿ ಖುಷಿ ಆಯ್ತಾ, ಹೊಟ್ಟೇಲಿ ಏನೋ ಕಿವುಚಿದ ಹಾಗಾಯ್ತಾ, ಅದೂ ಗೊತ್ತಿಲ್ಲ. ಎರಡೂ ಇರಬೇಕು.

ಅಕ್ಕ ಫೆಬ್ರವರಿಯಲ್ಲಿ ಎರಡು ವಾರ ಬರ್ತಿದಾಳೆ. ಎಲ್ಲಿ ಕರ್ಕೊಂಡ್ ಹೋಗ್ಲಿ ಅಂತ ಕೇಳಿದ್ದಕ್ಕೆ ದೊಡ್ಡ ದೊಡ್ಡ ಊರಿನ ಹೆಸರು ಹೇಳ್ತಾಳೆ ಅಂದ್ಕೊಂಡಿದ್ದೆ. "ಆ ಗುಲಾಬಿ ಮರ ಇರುತ್ತಲ್ಲ ಆಗ? ಮೂರು ಜನ ಅದರ ಕೆಳಗೆ ನಿಂತು ಒಂದು ಫೋಟೋ" ಅಂದಳು.

ಇಲ್ಲಿ ಹೂವು ಎಣಿಸಿ ಘೋಷಣೆ ಮಾಡೋ ಇಲಾಖೆ ಇಲ್ಲ. ಆ ಕೆಲಸ ನಿಮ್ಮದು. ಇಂದಿರಾನಗರ, ಹಲಸೂರು, ಕೆ.ಆರ್.ಪುರ ಕಡೆ ಯಾರ ಬೀದೀಲಿ ಮೊದಲು ಟಬೆಬುಯಾ ಬಿಡುತ್ತೋ ಕಾಮೆಂಟಲ್ಲಿ ಹೇಳಿ. ಐದಾರು ಹೂವು ಸಾಕು.

ಮತ್ತೆ ಊರಿಂದ ದೂರ ಇರೋ ಅಣ್ಣನೋ ಅಕ್ಕನೋ ಇದ್ರೆ ಇವತ್ತು ನಿಮ್ಮ ಬೀದಿಯದ್ದು ಒಂದು ಫೋಟೋ ಕಳಿಸಿ. ಚೆನ್ನಾಗಿರಲೇಬೇಕು ಅಂತೇನಿಲ್ಲ.

#ನಮ್ಮಭಾನುವಾರ #ಹಲಸೂರುಕೆರೆ #ಕೆಆರ್‌ಪುರ #ಅಕ್ಕ