ಚಿಕ್ಕಪ್ಪನ ಮದುವೆ ಟೇಪು ಮತ್ತು ಅಜ್ಜನ ಬಲಗೈ

ಬ್ಲಾಗಿನ ಕಡೆ ತಲೆ ಹಾಕದೇ ತಿಂಗಳುಗಳೇ ಆದವು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಆಫೀಸು, ರಿಲೀಸು, ಬಗ್ಗು ಅಂತ ದಿನಗಳು ಹೋಗಿದ್ದೇ ಗೊತ್ತಾಗಲಿಲ್ಲ. ಆದರೆ ಮೊನ್ನೆ ಊರಿಗೆ ಹೋದಾಗ ನಡೆದ ಒಂದು ವಿಷಯ ಬರೆಯದಿದ್ದರೆ ತಲೆಯಿಂದ ಇಳಿಯೋ ಹಾಗೆ ಕಾಣ್ತಿಲ್ಲ. ಮಧ್ಯೆ ಸ್ವಲ್ಪ ತಾಂತ್ರಿಕ ಕೊರೆತ ಇದೆ, ಸಹಿಸಿಕೊಳ್ಳಿ :-)

ನಮ್ಮೂರು ತೀರ್ಥಹಳ್ಳಿ ಹತ್ತಿರ. 2001ರ ಮೇ ತಿಂಗಳಲ್ಲಿ ಚಿಕ್ಕಪ್ಪನ ಮದುವೆ ಮನೆ ಅಂಗಳದಲ್ಲೇ ಚಪ್ಪರ ಹಾಕಿ ನಡೆದಿತ್ತು. ದುಬೈಯಲ್ಲಿದ್ದ ಮಾವ ಆಗಷ್ಟೇ ಸೋನಿ ಡಿಜಿಟಲ್8 ಹ್ಯಾಂಡಿಕ್ಯಾಮ್ ತಂದಿದ್ದರು. ಊರಿಗೇ ಅದೊಂದು ವಿಸ್ಮಯ. ಎರಡು ದಿನ ಕ್ಯಾಮೆರಾ ಅವರ ಕೈಬಿಟ್ಟು ಇಳಿಯಲಿಲ್ಲವಂತೆ. ನನಗಾಗ ನಾಲ್ಕು ವರ್ಷ. ಚಡ್ಡಿ ಜಾರಿಸಿಕೊಂಡು ಚಪ್ಪರದ ಕಂಬ ಸುತ್ತುತ್ತಾ ಓಡೋ ಒಬ್ಬ ಹುಡುಗ ಆ ಟೇಪಿನಲ್ಲಿದ್ದಾನೆ. ಅವನೇ ನಾನು.

2008ರಲ್ಲಿ ಚಿಕ್ಕಪ್ಪ ಆ ಟೇಪನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದ್ದರು. ಅದನ್ನು ಹಾಕಿದರೆ ನಿಂತವರು ಸರಿಯಾಗೇ ಕಾಣುತ್ತಿದ್ದರು, ನಡೆಯೋಕೆ ಶುರು ಮಾಡಿದರೆ ಸಾಕು, ಮೈಮೇಲೆ ದೇವರು ಬಂದ ಹಾಗೆ ಗಡಗಡ. ಪುರೋಹಿತರು ಅಕ್ಷತೆ ಹಾಕಿದರೆ ಅಕ್ಷತೆಗೂ ನಡುಕ. "ಹಳೇ ವೀಡಿಯೋ ಅಲ್ವಾ, ಹಂಗೇ ಇರುತ್ತೆ" ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ವಿ.

ಈ ಸಲ ಅಟ್ಟ ಗುಡಿಸುವಾಗ ಮೂಲ ಟೇಪು ಸಿಕ್ಕಿತು. ಮಾವನ ಕ್ಯಾಮೆರಾ ಇನ್ನೂ ಓಡುತ್ತಿತ್ತು (ಬ್ಯಾಟರಿ ಸತ್ತಿತ್ತು, ಚಾರ್ಜರ್ ಜೀವಂತ!). ಗೆಳೆಯನ ಹಳೇ ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡ್ ಹಾಕಿ, ಡಿವಿಗ್ರ್ಯಾಬ್ ಅನ್ನೋ ತಂತ್ರಾಂಶದಿಂದ ಟೇಪಿನಲ್ಲಿದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡೆ. ಒಂದು ಗಂಟೆಗೆ ಸುಮಾರು 13 ಜಿಬಿ. ಆಮೇಲೆ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ಡಿಇಂಟರ್‌ಲೇಸ್ ಮಾಡಿ ನೋಡಿದರೆ.. ಅದೇ ಗಡಗಡ! ಟೇಪೇ ಹಾಳಾಗಿದೆ ಅಂದುಕೊಂಡು ಆ ರಾತ್ರಿ ಬೇಜಾರಲ್ಲಿ ಮಲಗಿದೆ.

ಹಾಳಾಗಿದ್ದು ಟೇಪಲ್ಲ, ನನ್ನ ಜಾಣತನ. ಹೇಗೆ ಅಂತ ಹೇಳ್ತೀನಿ.

ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಪಾಲ್ ಪದ್ಧತಿ. ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರಕ್ಕೂ 576 ಗೆರೆ. ಆದರೆ ಈ ಹ್ಯಾಂಡಿಕ್ಯಾಮ್ ಎಲ್ಲಾ ಗೆರೆಗಳನ್ನೂ ಒಟ್ಟಿಗೆ ಹಿಡಿಯೋದಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆ, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದ 288. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅನ್ನುತ್ತಾರೆ. ಅಂದರೆ ಒಂದು ಚಿತ್ರದೊಳಗೆ ಬೇರೆ ಬೇರೆ ಹೊತ್ತಿನ ಎರಡು ಚಿತ್ರ ಹೆಣೆದುಕೊಂಡಿರುತ್ತವೆ. ಹಳೇ ಡಬ್ಬಾ ಟೀವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿದ್ದರಿಂದ ನಮಗೇನೂ ಅನ್ನಿಸುತ್ತಿರಲಿಲ್ಲ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಓಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತೆ. ಅದಕ್ಕೇ ಎರಡನ್ನೂ ಬಿಡಿಸಿ, ಸೆಕೆಂಡಿಗೆ 50 ಚಿತ್ರ ಮಾಡಿಕೊಳ್ಳೋದು.

ಬಿಡಿಸುವಾಗ ಯಾವ ಅರ್ಧ ಮೊದಲು ಅಂತ ಹೇಳಬೇಕು. ಮೇಲಿನ ಗೆರೆಯಿಂದ ಶುರುವಾಗುವ ಅರ್ಧವೋ, ಅದರ ಕೆಳಗಿನದ್ದೋ? "ಪಾಲ್ ಅಂದ್ರೆ ಟಾಪ್ ಫೀಲ್ಡ್ ಫಸ್ಟ್" ಅಂತ ಎಲ್ಲೋ ಓದಿದ್ದ ನಾನು ಕೈಯಾರೆ ಹಾಗಂತ ಬರೆದಿದ್ದೆ. ಅನೇಕ ಪಾಲ್ ಡಿವಿಡಿಗಳಲ್ಲಿ ಅದು ನಿಜವೇ. ಆದರೆ ಡಿವಿ ಟೇಪಿನಲ್ಲಿ ಕೆಳಗಿನದ್ದೇ ಮೊದಲು, ಬಾಟಮ್ ಫೀಲ್ಡ್ ಫಸ್ಟ್. ನನ್ನ ಈ ತಪ್ಪಿನಿಂದ 1, 2, 3, 4 ಅಂತ ಬರಬೇಕಾದ ಕಾಲ 2, 1, 4, 3 ಅಂತ ಬರುತ್ತಿತ್ತು. ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಿಂತವರಿಗೆ ಇದರಿಂದ ಏನೂ ಆಗೋದಿಲ್ಲ, ನಡೆಯೋರಿಗೆ ಮಾತ್ರ ನಡುಕ. ಅಂಗಡಿಯವರದ್ದೂ ಇದೇ ಕಥೆ ಇರಬೇಕು. ಇಂಜಿನಿಯರಿಂಗ್ ಓದಿದ ನಾನೇ ಎಡವಿದ ಮೇಲೆ ಅವರಿಗೇನು ಹೇಳೋದು!

ಬೆಳಿಗ್ಗೆ ಎದ್ದು ಆ ಒಂದು ಪದ ಬದಲಿಸಿದೆ, ಅಷ್ಟೇ. ಮಾವ ಕ್ಯಾಮೆರಾವನ್ನು ಚಪ್ಪರದ ಈ ತುದಿಯಿಂದ ಆ ತುದಿಗೆ ತಿರುಗಿಸುವ ದೃಶ್ಯ ನೀರು ಹರಿದ ಹಾಗೆ ಹೋಯಿತು. ಚಡ್ಡಿ ಹುಡುಗ ಸಲೀಸಾಗಿ ಓಡಿದ. ಖುಷಿಯಲ್ಲಿ ಅಪ್ಪ ಅಮ್ಮನನ್ನು ಕರೆದು ಟೀವಿಗೆ ಹಾಕಿದೆ.

ಅಮ್ಮ ಸೀರೆ, ಸರ, ತೀರಿಹೋದವರ ಹೆಸರು ಎಲ್ಲಾ ಹೇಳುತ್ತಾ ನೋಡುತ್ತಿದ್ದಳು. ದಿಬ್ಬಣ ಬರುವ ಹೊತ್ತಿಗೆ ಅಜ್ಜ, ಅಪ್ಪ, ಇನ್ನೂ ನಾಲ್ಕು ಜನ ಎದುರುಗೊಳ್ಳೋಕೆ ಅಂಗಳ ದಾಟಿ ಹೋಗುತ್ತಾರೆ. ಎಲ್ಲರ ಕೈಯೂ ನಡಿಗೆಗೆ ತಕ್ಕ ಹಾಗೆ ಬೀಸುತ್ತಿತ್ತು. ಅಜ್ಜನ ಬಲಗೈ ಮಾತ್ರ ಮೈಗೆ ಅಂಟಿಕೊಂಡ ಹಾಗೆ ಸುಮ್ಮನಿತ್ತು. ಮುಂದಿನ ದೃಶ್ಯದಲ್ಲಿ ಅಜ್ಜ ಜಗಲಿ ಮೇಲೆ ಕೂತಿದ್ದಾರೆ, ಬಲಗೈ ತೊಡೆ ಮೇಲೆ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜುತ್ತಾ ಅಲುಗುತ್ತಿವೆ. ಅದು ಅಜ್ಜನ ಅಭ್ಯಾಸ, ಹೊಗೆಸೊಪ್ಪು ತಿಕ್ಕಿ ತಿಕ್ಕಿ ಬಂದದ್ದು ಅಂತಲೇ ಮನೆಯಲ್ಲಿ ಹೇಳುತ್ತಿದ್ದರು. ಕಾಫಿ ಲೋಟ ಎತ್ತಿದ ಕೂಡಲೇ ಆ ಅಲುಗಾಟ ನಿಲ್ಲುತ್ತೆ. ಲೋಟ ಕೆಳಗಿಟ್ಟು ಕೈ ತೊಡೆಗೆ ಬಂದರೆ ಮತ್ತೆ ಶುರು.

ಅಪ್ಪ "ನಿಲ್ಸು" ಅಂದರು. "ಇದೂ ನಿನ್ನ ಆ ಮೇಲೆ ಕೆಳಗೆ ತಪ್ಪಾ?"

ಅಲ್ಲ ಅಂತ ನನಗೆ ಆಗಲೇ ಗೊತ್ತಾಗಿತ್ತು. ಆದರೂ ಒಂದೊಂದೇ ಚಿತ್ರ ಸರಿಸಿ ಎಣಿಸಿದೆ. ಫೀಲ್ಡ್ ತಪ್ಪಾಗಿದ್ದರೆ ಎರಡೆರಡು ಚಿತ್ರಕ್ಕೊಮ್ಮೆ ಹಿಂದೆ ಮುಂದೆ ಆಗಬೇಕು. ಅಜ್ಜನ ಬೆರಳು ಒಂದು ಸುತ್ತು ಹೋಗಿ ಬರೋಕೆ ಹತ್ತು ಚಿತ್ರ ಹಿಡಿಯುತ್ತಿತ್ತು. ಅಂದರೆ ಸೆಕೆಂಡಿಗೆ ಐದು ಸಲ. ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದ ಅತ್ತೆಯ ಕೈ ಸಲೀಸಾಗೇ ಇತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸುಮ್ಮನೆ ಇಟ್ಟ ಕೈ ಸೆಕೆಂಡಿಗೆ ನಾಲ್ಕರಿಂದ ಆರು ಸಲ ನಡುಗುತ್ತೆ, ಕೆಲಸಕ್ಕೆ ಎತ್ತಿದಾಗ ಸಾಮಾನ್ಯವಾಗಿ ಕಡಿಮೆಯಾಗುತ್ತೆ, ನಡೆಯುವಾಗ ಒಂದು ಕೈ ಬೀಸೋದು ನಿಲ್ಲುತ್ತೆ. ನಾನು ಡಾಕ್ಟರಲ್ಲ, ಆದರೆ ಅಜ್ಜನ ಕೊನೆಯ ವರ್ಷಗಳಲ್ಲಿ ಇದೆಲ್ಲ ನಮ್ಮ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು. ಡಾಕ್ಟರು ಪಾರ್ಕಿನ್ಸನ್ ಅಂತ ಹೇಳಿದ್ದು 2005ರಲ್ಲಿ. ಅಜ್ಜ ಹೋಗಿದ್ದು 2012ರಲ್ಲಿ. ಟೇಪು 2001ರದ್ದು.

"ತಪ್ಪಲ್ಲ ಅಪ್ಪ, ಇದು ಇದ್ದದ್ದೇ" ಅಂದೆ.

ಅಪ್ಪ ಏನೂ ಮಾತಾಡದೇ ಒಳಗೆ ಹೋಗಿ ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ತಂದರು. 1998ರ ಪುಟದಲ್ಲಿ ಗುಂಡು ಗುಂಡಗೆ ಅಕ್ಷರ. 2002ಕ್ಕೆ ಬಂದರೆ ಸಾಲಿನ ಕೊನೆ ಕೊನೆಗೆ ಅಕ್ಷರ ಇರುವೆಯಷ್ಟು ಚಿಕ್ಕದು. ಅದೂ ಆ ಕಾಯಿಲೆಯ ಲಕ್ಷಣವೇ.

"ಓದಕ್ಕಾಗಲ್ಲ, ಸರಿಯಾಗಿ ಬರೀರಿ ಅಂತ ಎಷ್ಟು ಬೈದಿದೀನಿ ಗೊತ್ತಾ? ಹಠಕ್ಕೆ ಹಿಂಗೆ ಬರೀತಾರೆ ಅಂದ್ಕೊಂಡಿದ್ದೆ" ಅಂದರು ಅಪ್ಪ. ಸ್ವಲ್ಪ ಹೊತ್ತಾದ ಮೇಲೆ, "ಮದುವೆ ದಿನಾನೂ ಬೈದಿದ್ದೆ. ಬೇಗ ನಡೀರಿ, ದಿಬ್ಬಣ ಬಂತು ಅಂತ."

ಅಮ್ಮ ಮಾತಾಡಲಿಲ್ಲ. ನಾನೂ ಅಷ್ಟೇ. ಆ ಡಿವಿಡಿಯನ್ನು ಎಷ್ಟು ವರ್ಷ ನೋಡಿದ್ದೆವು! ಅದರಲ್ಲಿ ಎಲ್ಲರೂ ನಡುಗುತ್ತಿದ್ದರು, ಹಾಗಾಗಿ ಅಜ್ಜ ನಡುಗಿದ್ದು ಯಾರಿಗೂ ಕಾಣಲಿಲ್ಲ.

ನಿಮ್ಮನೆ ಅಟ್ಟದಲ್ಲೂ ಇಂಥ ಟೇಪುಗಳಿದ್ದರೆ ಎರಡು ಮಾತು. ಇಳಿಸಿದ ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ, ತಿದ್ದೋದೆಲ್ಲ ಪ್ರತಿಯ ಮೇಲೆ. ಡಿಇಂಟರ್‌ಲೇಸ್ ಮಾಡುವ ಮೊದಲು ಚಿತ್ರದ ಎತ್ತರ ಹಿಗ್ಗಿಸಬೇಡಿ, ಕುಗ್ಗಿಸಬೇಡಿ, ಮೇಲಿಂದ ಒಂದು ಗೆರೆ ಕತ್ತರಿಸಿದರೂ ಫೀಲ್ಡುಗಳ ಕ್ರಮ ತಿರುವುಮುರುವಾಗುತ್ತೆ. ಕ್ರಮ ಸರಿ ಇದೆಯಾ ಅಂತ ನೋಡೋಕೆ ಒಂದೇ ದಿಕ್ಕಿಗೆ ಹೋಗುವ ಕಾರೋ, ಓಡುವ ಹುಡುಗನೋ ಇರುವ ದೃಶ್ಯ ಹುಡುಕಿ, 50 ಚಿತ್ರ ಮಾಡಿಕೊಂಡು ಒಂದೊಂದೇ ಸರಿಸಿ. ಹಿಂದೆ ಮುಂದೆ ಆಡಿದರೆ ಕ್ರಮ ತಪ್ಪು.

ವಾಪಸ್ ಬೆಂಗಳೂರಿಗೆ ಹೊರಡುವಾಗ ಅಪ್ಪನಿಗೆ ಪೆನ್‌ಡ್ರೈವ್ ಕೊಟ್ಟೆ. ಬಣ್ಣ ಸ್ವಲ್ಪ ಮಂಕಾಗಿದೆ, ಕ್ಯಾಮೆರಾ ಅಲ್ಲಲ್ಲಿ ಅಲುಗಿದೆ, ಅದನ್ನೂ ಸರಿ ಮಾಡಿ ಕಳಿಸ್ತೀನಿ ಅಂದೆ. ಬಸ್ ಸ್ಟ್ಯಾಂಡಿನವರೆಗೂ ಸುಮ್ಮನೆ ಬಂದವರು ಬಸ್ಸು ಬಂದಾಗ ಅಂದರು:

"ಏನ್ ಬೇಕಾದ್ರೂ ಸರಿ ಮಾಡು. ಅಜ್ಜನ ಕೈ ಮಾತ್ರ ಮುಟ್ಬೇಡ ಮಾರಾಯ."

ಮುಟ್ಟಿಲ್ಲ.